ಬೂರುಗದ ಹತ್ತಿಯೂ ನಮ್ಮವರೂ

ನಮ್ಮ ಮನೆಯವರಿಗೆ ಈ ಲೋಕದಲ್ಲಿ ಶತ್ರುಗಳೆಂದು ಯಾರೂ ಇಲ್ಲ, ತಲೆದಿಂಬೊಂದನ್ನು ಬಿಟ್ಟರೆ! ಕಚೇರಿಯಲ್ಲಿ ಮೇಲಿನವರು ಬೈದರೂ ನಗುತ್ತಾ ಮನೆಗೆ ಬರುತ್ತಾರೆ. ಸಾರಿಗೆ ಉಪ್ಪು ಹಾಕಲು ನಾನು ಮರೆತರೂ ತುಟಿಪಿಟಕ್ಕೆನ್ನದೆ ಉಣ್ಣುತ್ತಾರೆ. ಆದರೆ ಒಂದು ದಿಂಬನ್ನು ತಂದು ಅವರ ಪಕ್ಕದಲ್ಲಿಡಿ, ನೋಡಿ. ಮೊದಲು ಮೂಗು ಕೆಂಪಾಗುತ್ತದೆ, ಆಮೇಲೆ ಸೀನು, ಕೊನೆಗೆ ಎರಡು ಕಣ್ಣುಗಳಿಂದಲೂ ಧಾರಾಕಾರ ನೀರು. ದಿಂಬಿನೊಳಗಿನ ಬೂರುಗದ ಹತ್ತಿ ಅವರಿಗೆ ಆಗುವುದಿಲ್ಲ. ಬಂಟ್ವಾಳದ ಡಾಕ್ಟರರೊಬ್ಬರು ಇದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳಿ, ಔಷಧವೇನೆಂದು ಕೇಳಿದಾಗ ದಿಂಬಿನ ಮೇಲೆ ಮಲಗಬೇಡಿ ಎಂದರು. ಇಷ್ಟು ಹೇಳಲು ಡಾಕ್ಟರೇ ಬೇಕಾಗಿತ್ತೇ?

ಮನೆಯಲ್ಲಿದ್ದರೆ ತೊಂದರೆಯಿಲ್ಲ. ಮುಂಡೇವಿನ ಓಲೆಯಲ್ಲಿ ಹೆಣೆದ ಚಾಪೆ, ತಲೆಯ ಕೆಳಗೆ ಟವೆಲು ಸುತ್ತಿದ ಹಲಸಿನ ಮಣೆ. ಕಷ್ಟವೆಲ್ಲ ಪರವೂರಿಗೆ ಹೊರಟಾಗ. ನಮ್ಮ ಕಡೆ ನೆಂಟರು ಬಂದರೆಂದರೆ ಅಟ್ಟದಿಂದ ಒಳ್ಳೆಯ ಹಾಸಿಗೆ ಕೆಳಗಿಳಿಯುತ್ತದೆ. ಅದನ್ನು ಬೇಡವೆನ್ನುವುದು ಊಟ ಬೇಡವೆಂದಷ್ಟೇ ದೊಡ್ಡ ಅವಮಾನ. ಹಾಗಾಗಿ ಎಲ್ಲಿಗೆ ಹೋದರೂ ಚಾಪೆ, ಮಣೆ ಹೊತ್ತುಕೊಂಡು ಇವರು ಮುಂದೆ, ಎಲ್ಲರ ಹತ್ತಿರ ಕ್ಷಮೆ ಕೇಳುವ ಕೆಲಸ ಹೊತ್ತುಕೊಂಡು ನಾನು ಹಿಂದೆ. ಚಾಪೆಯೇ ಹಗುರ, ನನ್ನ ಮಾತು ನಂಬಿ.

ಹತ್ತಿಯ ಈ ಸುದ್ದಿ ನನಗೆ ಗೊತ್ತಾದದ್ದು ಮದುವೆಯಾಗಿ ಮೊದಲ ಸಲ ಅಳದಂಗಡಿಯ ನನ್ನ ತವರಿಗೆ ಹೋದಾಗ. ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಅಮ್ಮ ಅಳಿಯನಿಗೆಂದೇ ಹಿತ್ತಿಲ ಬೂರುಗದ ಮರದ ಕಾಯಿ ಕೊಯ್ಯಿಸಿ, ಒಂದೊಂದೇ ಬೀಜ ಬಿಡಿಸಿ, ತಾನೇ ಹೊಲಿದು ಹಾಸಿಗೆ ಮಾಡಿಟ್ಟಿದ್ದಳು. ಅಪ್ಪನಿಗೂ ಅಂಥದ್ದೊಂದು ಸಿಕ್ಕಿರಲಿಲ್ಲ. ಹೊಸ ಅಳಿಯ ನಾಚಿಕೆಗೆ ಬಾಯಿಬಿಡದೆ ಅದರ ಮೇಲೆ ಮಲಗಿಬಿಟ್ಟರು. ಬೆಳಗ್ಗೆ ಎದ್ದು ಬಂದಾಗ ಕಣ್ಣು ಕೆಂಡ, ಕೆನ್ನೆಯೆಲ್ಲ ನೀರು. ಅಮ್ಮ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಮೊದಲ ಸಲ ಬಂದ ಅಳಿಯ ಅಳ್ತಾ ಇದ್ದಾರೆ. ಏನು ಹೇಳಿದ್ದಿ ನೀನು ಅವರಿಗೆ?"

ನಾನು ಏನೂ ಹೇಳಿಲ್ಲವೆಂದು ಆಣೆ ಹಾಕಿದೆ. ನಿಜ ಸಂಗತಿ ಹೊರಬಿದ್ದ ಮೇಲೆ ಅಮ್ಮನಿಗೆ ಸಮಾಧಾನವಾಯಿತೇ? ಎಲ್ಲಿಯ ಮಾತು! ಹತ್ತಿಯಿಂದ ಯಾರಿಗಾದರೂ ಅಳು ಬರುತ್ತದೆಯೇ, ನನ್ನ ಹಾಸಿಗೆ ಹಿಡಿಸಲಿಲ್ಲವೆಂದು ಹೇಳಿದರೆ ಸಾಕಿತ್ತು ಎಂದು ಮುಖ ತಿರುಗಿಸಿದಳು. ಆ ಮುಖ ವರ್ಷಗಟ್ಟಲೆ ಪೂರ್ತಿ ಈಚೆಗೆ ತಿರುಗಲಿಲ್ಲ.

ಬಸ್ಸಿನ ಪ್ರಯಾಣವೂ ಒಂದು ವ್ರತವೇ. ಇವರು ಸೀಟನ್ನು ಒತ್ತಿ, ಬಗ್ಗಿ ಮೂಸಿ, ತೆಂಗಿನ ನಾರೆಂದು ಖಾತ್ರಿಯಾದ ಮೇಲೆಯೇ ಕೂರುವುದು. ಅಷ್ಟು ಹೊತ್ತು ಹಿಂದಿನವರೆಲ್ಲ ನನ್ನನ್ನು ನೋಡುತ್ತಾರೆ, ಇವರನ್ನಲ್ಲ. ಒಮ್ಮೆ ಕಂಡಕ್ಟರು ಕಂಕುಳಲ್ಲಿದ್ದ ಮಣೆಯನ್ನು ಕಂಡು, ಭಟ್ಟರೇ, ಇವತ್ತು ಯಾರ ಮನೆಯಲ್ಲಿ ಪೂಜೆ ಎಂದು ಭಕ್ತಿಯಿಂದ ಕೇಳಿದ. ಇವರು ಗಂಭೀರವಾಗಿ, ಪೂಜೆಗಲ್ಲ, ನಿದ್ದೆಗೆ ಎಂದರು. ಮತ್ತೆ ಬೆಳ್ತಂಗಡಿ ಬರುವವರೆಗೆ ಅವನು ನಮ್ಮ ಹತ್ತಿರ ಸುಳಿಯಲಿಲ್ಲ.

ಆ ಬೆಳ್ತಂಗಡಿಯ ಆಚೆ ಒಂದು ರಬ್ಬರು ತೋಟದಲ್ಲಿ ಇವರ ಸ್ನೇಹಿತರೊಬ್ಬರು ಲೆಕ್ಕ ಬರೆಯುವ ರೈಟರಾಗಿದ್ದರು. ಅವರ ಮನೆಯಲ್ಲಿ ತೋಟದ ಬಿಳಿ ದೊರೆಗಳು ಬಿಟ್ಟುಹೋದ ದಿಂಬೊಂದಿತ್ತು. ಅದನ್ನು ಎರಡು ಕೈಯಲ್ಲಿ ಹಿಡಿದು ತಂದರು, ಮಗುವನ್ನು ತಂದ ಹಾಗೆ. ಬೂರುಗ ಅಲ್ಲವಷ್ಟೆ ಎಂದು ಇವರು ಕೇಳಿದರು. ಛೆ, ಖಂಡಿತ ಅಲ್ಲ ಎಂದರು ಸ್ನೇಹಿತರು. ಅಪರೂಪಕ್ಕೆ ಮಣೆಗೆ ರಜೆ ಕೊಟ್ಟು ಇವರು ಖುಷಿಯಿಂದ ಮಲಗಿದರು. ಬೆಳಗಾಗುವಾಗ ಮೂಗು ಸಂಪೂರ್ಣ ಬಂದ್! ಹಾಗಾದರೆ ಒಳಗೆ ಇರುವುದೇನು? ಸ್ನೇಹಿತರು ಹೆಮ್ಮೆಯಿಂದ ಹೊಲಿಗೆ ಬಿಚ್ಚಿ ತೋರಿಸಿದರು, ಬಾತುಕೋಳಿಯ ಪುಕ್ಕ. ಮೊಟ್ಟೆ ಮಾರುವವನು ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುವ ಮನುಷ್ಯ ಇವರು. ಸೀನುತ್ತಾ ಸೀನುತ್ತಾ ಸ್ನಾನಕ್ಕೆಂದು ನೇರ ಬಾವಿಕಟ್ಟೆಗೆ ಓಡಿದರು. ಅಂದಿನಿಂದ ಇವರ ಪ್ರಶ್ನೆ ಉದ್ದವಾಯಿತು. ಬೂರುಗ ಅಲ್ಲವಷ್ಟೆ, ಹಕ್ಕಿಯೂ ಅಲ್ಲವಷ್ಟೆ? ಇದನ್ನು ಕೇಳಿದ ಮನೆಯವರ ಮುಖ ನೋಡುವ ಭಾಗ್ಯ ಮಾತ್ರ ನನ್ನದು.

ಮೂಡಬಿದಿರೆಯಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆ. ಊಟದ ಹೊತ್ತಿಗೆ ಇವರ ಮಣೆ ಕಾಣೆ! ಹುಡುಕಿ ಹುಡುಕಿ ಸಾಕಾಗಿ ಪಂಕ್ತಿಯ ಕಡೆ ನೋಡಿದರೆ, ಇವರ ತಲೆದಿಂಬಿನ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಚಕ್ಕಳಮಕ್ಕಳ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾರೆ. ಅವರನ್ನು ಎಬ್ಬಿಸುವುದು ಹೇಗೆ? ಆಮೇಲೆ ಅದರ ಮೇಲೆ ತಲೆಯಿಡಲು ಇವರ ಮನಸ್ಸು ಒಪ್ಪಲಿಲ್ಲ. ರಾತ್ರಿ ಮದುವೆಮನೆಯ ದಿಂಬೇ ಗತಿಯಾಯಿತು. ಮರುದಿನ ಹೆಣ್ಣನ್ನು ಕಳಿಸಿಕೊಡುವಾಗ ಹುಡುಗಿಯ ಅಪ್ಪನಿಗಿಂತ ಹೆಚ್ಚು ಕಣ್ಣೀರು ಸುರಿಸಿದವರು ನಮ್ಮವರು. ಎಂಥ ಕರುಳು, ಎಂಥ ಮನುಷ್ಯ ಎಂದು ಬೀಗರೆಲ್ಲ ಕರಗಿಹೋದರು. ಆಮೇಲೆ ಆ ಬಳಗದಲ್ಲಿ ಹೆಣ್ಣು ಕಳಿಸುವುದಿದ್ದರೆ ಇವರಿಗೆ ತಪ್ಪದೆ ಕರೆ ಬರತೊಡಗಿತು. ಮಣೆ ಹೊತ್ತುಕೊಂಡು ಹೋಗಿ ಅಳದೆ ಬಂದರೆ ಅವರಿಗೆ ಬೇಸರವೂ ಆಗುತ್ತಿತ್ತು.

ಬೂರುಗ ಇವರಿಗೆ ಆಗುವುದಿಲ್ಲವೆಂದು ಊರಿನವರೆಲ್ಲ ನಂಬಿದರೂ ಅಮ್ಮ ನಂಬಲಿಲ್ಲ. ತಪ್ಪು ಹತ್ತಿಯದ್ದಲ್ಲ, ಹತ್ತಿಯೊಳಗೆ ಉಳಿದುಹೋದ ಬೀಜದ್ದು, ದೂಳಿನದ್ದು ಎಂದು ಅವಳ ವಾದ. ನಾವು ಹೋಗುವ ಮೊದಲು ಆ ಹಾಸಿಗೆಯನ್ನು ಬಿಚ್ಚಿ, ಹತ್ತಿ ಬಿಡಿಸಿ, ಬಿಸಿಲಿಗೆ ಹಾಕಿ, ಕೋಲಿನಲ್ಲಿ ಬಡಿದು ಬಡಿದು ಇಡುತ್ತಿದ್ದಳು. ಬಡಿದಷ್ಟೂ ಅದು ಮನೆಯೆಲ್ಲ ಹಾರುತ್ತಿತ್ತು. ನಮ್ಮವರು ಮೆಟ್ಟಿಲು ಹತ್ತುವ ಮೊದಲೇ ಸೀನಿದರೆ ಅಮ್ಮನ ಮುಖ ಸಣ್ಣದಾಗುತ್ತಿತ್ತು. ಆದರೂ ಹಾಸಿಗೆ ಹಾಸುವುದನ್ನು ಅವಳು ಬಿಡಲಿಲ್ಲ, ಪಕ್ಕದಲ್ಲಿ ಚಾಪೆ ಬಿಡಿಸುವುದನ್ನು ಇವರು ಬಿಡಲಿಲ್ಲ. ಇವರು ಅಮ್ಮನಿಗೆ ಎರಡು ಒಳ್ಳೆಯ ಮಾತು ಹೇಳಲೆಂದು ಬಾಯಿ ತೆರೆದರೆ ಬರುತ್ತಿದ್ದುದು ಸೀನು. ನಡುವೆ ನಾನು ಒಬ್ಬಳು. ಎಷ್ಟು ಸಲ ಸಾಕಪ್ಪಾ ಸಾಕು ಎನ್ನಿಸಿದೆಯೋ! ಅಮ್ಮ ಇರುವಾಗಲೇ ಇವರಿಬ್ಬರು ಒಮ್ಮೆಯಾದರೂ ಹತ್ತಿರ ಕೂತು ಮಾತಾಡಿದ್ದನ್ನು ನೋಡಬೇಕೆಂಬ ಆಸೆಯನ್ನೂ ಕೈಬಿಟ್ಟಿದ್ದೆ.

ಹೋದ ವರ್ಷ ಅಮ್ಮ ಕಾಯಿಲೆ ಬಿದ್ದು ಮಲಗಿದಲ್ಲಿಯೇ ಆದಳು. ತವರಿನಲ್ಲಿದ್ದ ನನ್ನ ತಮ್ಮ, ಬಸ್ಸಿನವರ ಹತ್ತಿರ ಹೇಳಿಕಳಿಸಿದ. ನಾಳೆ ಬರುತ್ತೇವೆಂದು ನಾವೂ ಅದೇ ಬಸ್ಸಿನವರ ಹತ್ತಿರ ಹೇಳಿ ಕಳಿಸಿದೆವು. ಮೈಯಲ್ಲಿ ಬರೀ ಎಲುಬು ಉಳಿದಿದ್ದರಿಂದ ಅಮ್ಮನನ್ನು ಆ ಹಾಸಿಗೆಯ ಮೇಲೆಯೇ ಮಲಗಿಸಿದ್ದಾರೆಂದು ನಮಗೆ ತಿಳಿದಿತ್ತು. ಮರುದಿನ ಅಲ್ಲಿಗೆ ತಲುಪಿದಾಗ ಇವರು ಅಭ್ಯಾಸದಂತೆ ಮೂಗಿಗೆ ಟವೆಲು ಹಿಡಿದು ಕೋಣೆಯ ಬಾಗಿಲಲ್ಲೇ ನಿಂತರು.

ಒಳಗೆ ಅಮ್ಮ ಬರೀ ಚಾಪೆಯ ಮೇಲೆ ಮಲಗಿದ್ದಳು. ನನಗೆ ಸಿಟ್ಟು ಬಂತು. ಹಾಸಿಗೆ ಎಲ್ಲಿ ಎಂದು ತಮ್ಮನನ್ನು ಕೇಳಿದೆ.

"ಅಟ್ಟದಲ್ಲಿ ಉಂಟು ಅಕ್ಕ. ನೀವು ಬರ್ತೀರಿ ಅಂತ ಗೊತ್ತಾದ ಮೇಲೆ ಅಮ್ಮ ಅದರಲ್ಲಿ ಮಲಗಲಿಕ್ಕೆ ಒಪ್ಪಲೇ ಇಲ್ಲ. ಭಾವ ಹತ್ತಿರ ಬಂದು ಕೂತುಕೊಳ್ಳಬೇಕಂತೆ. ಕೋಣೆ ಎರಡು ಸಲ ತೊಳೆಸಿದ್ದಾಳೆ."

ಇವರು ಟವೆಲು ತೆಗೆದರು. ಒಳಗೆ ಹೋಗಿ ಅಮ್ಮನ ಚಾಪೆಯ ಅಂಚಿನಲ್ಲಿ ಕೂತರು, ಮೊಣಕಾಲು ಅವಳ ಕೈಗೆ ತಾಗುವಷ್ಟು ಹತ್ತಿರ. ಸೀನು ಬರಲಿಲ್ಲ. ಕಣ್ಣುಗಳಿಂದ ಮಾತ್ರ ನೀರು ಇಳಿಯತೊಡಗಿತು, ಒರೆಸಿದಷ್ಟೂ ಮತ್ತೆ.

ಅಮ್ಮ ಅದನ್ನೇ ನೋಡಿದಳು. ನೋಡಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

"ಎಲ್ಲಿಯೋ ಇನ್ನೂ ಹತ್ತಿ ಉಂಟು ಮಗಳೇ. ಆ ಮೂಲೆ ಒಮ್ಮೆ ಗುಡಿಸು."

ಆ ಕೋಣೆಯಲ್ಲಿದ್ದ ಹತ್ತಿಯೆಂದರೆ ದೇವರ ಮುಂದಿನ ದೀಪದ ಬತ್ತಿ ಒಂದೇ. ನಾನು ಹಿಡಿಸೂಡಿ ತಂದು, ಏನೂ ಇಲ್ಲದ ಮೂಲೆಯನ್ನು ತುಂಬ ಹೊತ್ತು ಗುಡಿಸಿದೆ.