ಊರು ಮೊದಲು, ವಯಸ್ಸು ಆಮೇಲೆ

ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬಾರದು ಎನ್ನುತ್ತಾರೆ. ಆ ಮಾತು ಕೇಳಿದ್ದರೆ ನಾನು ಹುಟ್ಟಿದಾಗಿನಿಂದ ಬಾಯಿಯನ್ನೇ ತೆರೆಯುವಂತಿರಲಿಲ್ಲ. ಎರಡನೇ ಕ್ಲಾಸಿಗೇ ಸ್ಲೇಟು ಒಡೆದು ಎಮ್ಮೆ ಹಿಂದೆ ಹೋದವಳು ನಾನು. ಬಸ್ಸಿನ ಬೋರ್ಡು ಓದುತ್ತೇನೆ, ಅದೂ ಬಸ್ಸು ನಿಂತಿದ್ದರೆ. ಅಂಥವಳು ಅರಕೆರೆಯ ನಮ್ಮ ಮನೆ ಜಗಲಿಯಲ್ಲಿ ಕೂತು ಕಂಪ್ಯೂಟರಿನ ಪ್ರಶ್ನೆ ಬಿಡಿಸಿದ್ದೇನೆ. ನಂಬದವರು ನನ್ನ ಸೊಸೆ ಸವಿತಾಳನ್ನು ಕೇಳಬಹುದು. ಅವಳು ಅರ್ಧ ಒಪ್ಪುತ್ತಾಳೆ.

ಸವಿತಾಳಿಗೆ ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಸಿಗುವುದರಲ್ಲಿತ್ತು. ಅವರು ಕಳಿಸಿದ ಪ್ರಶ್ನೆಗೆ ಮನೆಯಲ್ಲೇ ಪ್ರೋಗ್ರಾಂ ಬರೆದು ಸಂಜೆ ನಾಲ್ಕರೊಳಗೆ ಕಳಿಸಬೇಕು, ತಪ್ಪಿದರೆ ಕೆಲಸ ಬೇರೆಯವರಿಗೆ. ಪ್ರಶ್ನೆ ಒಂದೇ ಸಾಲು: ಪಟ್ಟಿಯಲ್ಲಿರುವ ಜನರನ್ನು ವಯಸ್ಸು, ಊರು ಎರಡನ್ನೂ ನೋಡಿ ಜೋಡಿಸಿ. ಕೆಳಗೆ ಉತ್ತರ ಹೇಗೆ ಬರಬೇಕೆಂದು ನಾಲ್ಕು ಹೆಸರಿನ ಮಾದರಿ. ಇವಳು ಎಲ್ಲರನ್ನೂ ಹಿರಿಯರಿಂದ ಕಿರಿಯರಿಗೆ ನಿಲ್ಲಿಸಿ, ಒಂದೇ ವಯಸ್ಸಿನವರು ಸಿಕ್ಕಾಗ ಮಾತ್ರ ಊರು ನೋಡಿದ್ದಳು. ಮಾದರಿಗೆ ತಾಳೆಯಾಗಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. ಅವಳಿಗೆ ಕೆಲಸದ ಚಿಂತೆ, ನನಗೆ ಮುದ್ದೆ ಆರುವ ಚಿಂತೆ. ಅದೇನಿದೆಯೋ ಓದು ಎಂದೆ. ಅರಕೆರೆಯ ನಿಂಗಪ್ಪ ಎಪ್ಪತ್ತು, ಅರಕೆರೆಯ ರಾಜಣ್ಣ ಐವತ್ತು, ಕೆ.ಆರ್.ಎಸ್.ನ ಚಿಕ್ಕಣ್ಣ ಎಂಬತ್ತು, ಸಿಂಧಘಟ್ಟದ ಬೋರಣ್ಣ ಅರವತ್ತು ಎಂದು ಓದಿದಳು.

"ಇದು ವೀಳ್ಯ ಕೂಗೋ ಸಾಲು ಕಣವ್ವ," ಎಂದೆ.

ನಮ್ಮ ಕಡೆ ಮದುವೆಯಲ್ಲಿ ಊರೂರಿನ ಹೆಸರು ಕೂಗಿ ವೀಳ್ಯ ಕೊಡುತ್ತಾರೆ. ತಮ್ಮ ಊರಿನ ಸರದಿ ಬಂದಾಗ ಆ ಊರಿನ ಹಿರಿಯ ಮೊದಲು ಕೈ ಚಾಚಬೇಕು. ಒಮ್ಮೆ ಸಿಂಧಘಟ್ಟದ ಮದುವೆಯಲ್ಲಿ ಕೂಗುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಆ ಮಹಾನುಭಾವ ಹಿರಿಯರಿಗೆ ಮರ್ಯಾದೆ ಮಾಡಲು ಹೋಗಿ, ಊರು ಬಿಟ್ಟು ವಯಸ್ಸು ಹಿಡಿದು ಕೂಗಿದ. ಮೂರು ಊರಿನವರು ಮುನಿಸಿಕೊಂಡು ಎದ್ದು ಹೊರಟರು. ಅವರನ್ನು ಕರೆತಂದು ಕೂರಿಸುವಷ್ಟರಲ್ಲಿ ಪಾಯಸ ಕುಡುಗೋಲಿನಲ್ಲಿ ಕೊಯ್ಯುವ ಹಾಗಾಗಿತ್ತು.

ಸವಿತಾ ಇನ್ನೂ ಅನುಮಾನಿಸಿದಳು. "ಪ್ರಶ್ನೇಲಿ ವಯಸ್ಸೇ ಮೊದ್ಲು ಬರ್ದವ್ರಲ್ಲ ಅತ್ತೆ?"

"ಅದ ಬರ್ದೋನು ಬಾಯಿಗ್ ಬಂದಂಗೆ ಬರ್ದವ್ನೆ. ಎಂಬತ್ತರ ಮುದುಕನ್ನ ಐವತ್ತರೋನ ಹಿಂದೆ ನಿಲ್ಸವ್ನಲ್ಲ, ಊರು ಬ್ಯಾರೆ ಅಂತ ತಾನೆ? ಊರು ಮೊದ್ಲು ಕೂಗು. ವಯಸ್ಸ ಊರೊಳಗೆ ನೋಡ್ಕೊ."

ಹಾಗೇ ಬದಲಾಯಿಸಿದಳು. ನಾಲ್ಕು ಹೆಸರೂ ಮಾದರಿಯಂತೆಯೇ ನಿಂತವು. ಮೂರೂವರೆಗೆ ಕಳಿಸಿ ಬಂದು, ಆರಿದ ಮುದ್ದೆಯನ್ನು ಎರಡು ಸಲ ಹಾಕಿಸಿಕೊಂಡಳು. ಮುಂದಿನ ವಾರ ಕೆಲಸವೂ ಸಿಕ್ಕಿತು. ನಾನು ಇದನ್ನು ಹಾಲಿನ ಡೈರಿಯ ಸಾಲಿನಲ್ಲಿ ಒಂದು ತಿಂಗಳು ಹೇಳಿದೆ. ಕೇಳಿದವರಿಗೇ ಮತ್ತೆ ಹೇಳಿದೆ.

ಮೊನ್ನೆ ನಮ್ಮ ಮನೆತನದಲ್ಲೇ ಮದುವೆ. ತಾಂಬೂಲಕ್ಕೆ ಕರೆಯುವ ಹೆಂಗಸರ ಪಟ್ಟಿಯನ್ನು ಸವಿತಾ ಅದೇ ಪ್ರೋಗ್ರಾಮಿನಲ್ಲಿ ಜೋಡಿಸಿ ತಂದಿದ್ದಳು. ಅರಕೆರೆ ಎಂದು ಕೂಗಿದ ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದೆ. ಕರೆದದ್ದು ನನ್ನ ಓರಗಿತ್ತಿಯನ್ನು, ನನಗಿಂತ ಆರು ವರ್ಷಕ್ಕೆ ಚಿಕ್ಕವಳನ್ನು. ಸವಿತಾಳನ್ನು ಮೂಲೆಗೆ ಎಳೆದು ಬೈದೆ. ಅವಳು ಪಟ್ಟಿ ತೋರಿಸಿ, ವಯಸ್ಸೆಲ್ಲ ಆಧಾರ್ ಕಾರ್ಡಿನದು ಎಂದಳು. ಕಾರ್ಡು ಮಾಡಿಸುವ ದಿನ ಓರಗಿತ್ತಿ ಪಕ್ಕದಲ್ಲೇ ನಿಂತಿದ್ದಳಲ್ಲ, ನಾನು ಹತ್ತು ವರ್ಷ ಕಮ್ಮಿ ಹೇಳಿದ್ದೆ.

ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಂತಿಲ್ಲ, ಕಲಿಸಿದವಳು ನಾನೇ. ಮುನಿಸಿಕೊಂಡು ಎದ್ದು ಹೋಗೋಣವೆಂದರೆ ಪಾಯಸ ಇನ್ನೂ ಬಿಸಿಯಾಗಿತ್ತು. ಕೂತು ಉಂಡೆ.