ವಿಮಾನಕ್ಕೆ ಕ್ಲಚ್ಚಿಲ್ಲ

ಚನ್ನಗಿರಿಯ ಅರ್ಧ ಊರಿಗೆ ಕಾರು ಕಲಿಸಿದ ನಿಂಗರಾಜ, ಹೆಂಡತಿ ಅರುಣಾಳಿಗೆ ಮಾತ್ರ ಕಲಿಸಿರಲಿಲ್ಲ. ಬ್ಯಾಂಕಿನ ಮ್ಯಾನೇಜರಮ್ಮನಿಗೆ ಕಲಿಸಿದ್ದ, ಅಂಗನವಾಡಿ ಟೀಚರಿಗೆ ಕಲಿಸಿದ್ದ, ಅರವತ್ತು ದಾಟಿದ ಕಂಟ್ರಾಕ್ಟರೊಬ್ಬರಿಗೆ ರಿವರ್ಸ್ ಹೊಡೆಯುವುದನ್ನೂ ಕಲಿಸಿದ್ದ. ಅರುಣಾ ಕೇಳಿದಾಗಲೆಲ್ಲ ಅವನ ಉತ್ತರ ಒಂದೇ: "ನಿನಗೆ ಎಡ ಯಾವ್ದು ಬಲ ಯಾವ್ದು ಗೊತ್ತಾಗಲ್ಲ. ಸುಮ್ನೆ ಕೂತ್ಕೋ."

ಎಂಟು ವರ್ಷದಿಂದ ಕೂತೇ ಇದ್ದಳು ಪಾಪ. ಅವಳ ಆಸೆಯೇನು ದೊಡ್ಡದಲ್ಲ. ತವರೂರು ಜಗಳೂರಿಗೆ ತಾನೇ ಕಾರು ಓಡಿಸಿಕೊಂಡು ಹೋಗಬೇಕು, ತಮ್ಮ ಬಂಗಾರಪ್ಪನ ಗೊಬ್ಬರದಂಗಡಿ ಮುಂದೆ ಹಾರ್ನ್ ಹೊಡೆದು ನಿಲ್ಲಿಸಬೇಕು. ಅಷ್ಟೇ. ವಿಮಾನ ಬೇಕು ಅಂತ ಅವಳೇನೂ ಕೇಳಿರಲಿಲ್ಲ.

ವಿಮಾನ ಬೇಕಾಗಿದ್ದು ನಿಂಗರಾಜನಿಗೆ. ಚಕ್ರವಿರುವುದನ್ನೆಲ್ಲ ಓಡಿಸಿ ಮುಗಿದಿದೆ, ಇನ್ನೇನಿದ್ದರೂ ರೆಕ್ಕೆಯಿರುವುದೇ ತನ್ನ ಅಂತಸ್ತಿಗೆ ತಕ್ಕದ್ದು ಎಂಬ ಜ್ಞಾನೋದಯವಾಗಿ, ಮನೆಯಲ್ಲಿ ಕೂತೇ ವಿಮಾನ ಹಾರಿಸುವ ಸಿಮ್ಯುಲೇಟರ್ ತರಿಸಿದ. (ಅದನ್ನು ಕಂಪ್ಯೂಟರ್ ಆಟ ಅಂದವರ ಜೊತೆ ಅವನು ಎರಡು ದಿನ ಮಾತು ಬಿಡುತ್ತಿದ್ದ.) ಎಳೆದರೆ ವಿಮಾನ ಮೇಲೇಳುವ, ಒತ್ತಿದರೆ ಕೆಳಗಿಳಿಯುವ ಸ್ಟೇರಿಂಗು ಬಂತು. ವೇಗಕ್ಕೊಂದು ಲಿವರು, ಕಾಲಿಗೆ ಎರಡು ಪೆಡಲು ಬಂದವು. ಪುಕ್ಕಟೆಯಾಗಿ ಅಂಗೈಯಗಲದ, ವೈರಿಲ್ಲದ ಒಂದು ಕಂಟ್ರೋಲರ್ ಕೂಡ ಬಂದಿತ್ತು. "ಇದು ಹುಡುಗರ ಸಾಮಾನು" ಎಂದು ನಿಂಗರಾಜ ಅದನ್ನು ಶೋಕೇಸಿನ ಮೂಲೆಗೆ ಎಸೆದ.

ನಡುಮನೆಯ ಗೋಡೆಗೆ ದೊಡ್ಡ ಟಿ.ವಿ. ಅದರ ಮೇಲೆ ಹಾರ ಹಾಕಿದ ಅಪ್ಪ ಜುಂಜಪ್ಪನ ಫೋಟೋ. ಜುಂಜಪ್ಪ ಇಪ್ಪತ್ತೈದು ವರ್ಷ ನ್ಯಾಮತಿಯಿಂದ ಹೊನ್ನಾಳಿ, ಚನ್ನಗಿರಿ ಮೇಲೆ ಜಗಳೂರಿಗೆ ಖಾಸಗಿ ಬಸ್ಸು ಓಡಿಸಿದ ಮನುಷ್ಯ. ಕುಳ್ಳಗಿದ್ದ. ಸೀಟಿನ ಮೇಲೆ ದುಪ್ಪಟಿ ಮಡಚಿ ಹಾಕಿಕೊಂಡು, ದವಡೆಯಲ್ಲೊಂದು ಲವಂಗ ಇಟ್ಟುಕೊಂಡು ಕೂರುತ್ತಿದ್ದ. ಚನ್ನಗಿರಿ ದಾಟಿದ ಮೇಲೆ ಸಿಗುವ ಸೂಳೆಕೆರೆ ಏರಿಯ ಗುಡಿಯ ಮುಂದೆ ಬಸ್ಸು ನಿಲ್ಲಿಸಿ ಒಂದು ಕಾಸು ಹಾಕದೆ ಯಾವತ್ತೂ ಮುಂದೆ ಹೋದವನಲ್ಲ. ಕಾಲೇಜಿಗೆಂದು ದಿನಾ ಬಾನೆಟ್ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಅರುಣಾಳನ್ನು ನೋಡಿ ಮೆಚ್ಚಿ ಸೊಸೆ ಮಾಡಿಕೊಂಡವನೂ ಅವನೇ. ತೀರಿಕೊಂಡು ಮೂರು ವರ್ಷವಾಗಿತ್ತು.

ನಿಂಗರಾಜ ಶುಭ ಮುಹೂರ್ತದಲ್ಲಿ ವಿಮಾನವೇರಿದ. ಏರಿದ್ದಷ್ಟೇ ಬಂತು ಭಾಗ್ಯ. ವಿಮಾನದ ಎಡ ಪೆಡಲು ಒತ್ತಿದರೆ ಮೂತಿ ಎಡಕ್ಕೆ ತಿರುಗುತ್ತದೆ, ಬಲ ಒತ್ತಿದರೆ ಬಲಕ್ಕೆ. ಇವನ ಎಡಗಾಲಿಗೆ ಇಪ್ಪತ್ತು ವರ್ಷದಿಂದ ಗೊತ್ತಿದ್ದದ್ದು ಕ್ಲಚ್ಚು ಒಂದೇ. ರನ್‌ವೇ ಮೇಲೆ ವೇಗ ಹೆಚ್ಚಿಸಬೇಕೆನಿಸಿದಾಗ ಎಡಗಾಲು ತಾನಾಗಿ ಒತ್ತಿತು, ವಿಮಾನ ಎಡಕ್ಕೆ ನುಗ್ಗಿ ಬೇಲಿಗೆ ಹೋಯಿತು. ಹೇಗೋ ಮೇಲೆದ್ದ ದಿನ, ಇಳಿಯುವಾಗ ನಿಧಾನ ಮಾಡಲು ಮತ್ತೆ ಕ್ಲಚ್ಚು ಒತ್ತಿ ತುಂಗಭದ್ರೆಗೆ ಬಿದ್ದ. ಹದಿನೆಂಟು ದಿನದಲ್ಲಿ ಹೊನ್ನಾಳಿಯ ಹೊಳೆಗೇ ಒಂಬತ್ತು ವಿಮಾನ ಅರ್ಪಿಸಿದ ಪುಣ್ಯಾತ್ಮ.

ದಾರಿಯೂ ಸಿಗುತ್ತಿರಲಿಲ್ಲ. ದಿಕ್ಸೂಚಿಯ ಅಂಕಿ ನೋಡಿದರೆ ಎತ್ತರ ಮರೆಯುತ್ತಿತ್ತು, ಎತ್ತರ ನೋಡಿದರೆ ಊರು ಹಿಂದೆ ಹೋಗುತ್ತಿತ್ತು. ಇವೆಲ್ಲದರ ಜೊತೆಗೆ ಅವನು ಯಾರಿಗೂ ಹೇಳದ ಒಂದು ಅಂಜಿಕೆಯಿತ್ತು. ಆ ತೆರೆಯ ಮೇಲೆ ಇಡೀ ತಾಲ್ಲೂಕು ಇತ್ತು, ಗುಡ್ಡ ಇತ್ತು, ಕೆರೆ ಇತ್ತು, ತನ್ನ ಮನೆಯ ತಾರಸಿಯೂ ಇತ್ತು. ಮನುಷ್ಯರು ಮಾತ್ರ ಒಬ್ಬರೂ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನೊಣ ಇರಲಿಲ್ಲ. ತಾರಸಿಯ ಮೇಲೆ ಅರುಣಾಳ ಒಂದು ಸೀರೆಯೂ ಒಣಗುತ್ತಿರಲಿಲ್ಲ. ಮನೆ ಇದೆ, ಅರುಣಾ ಇಲ್ಲ. ಅದನ್ನು ನೋಡಿದಾಗಲೆಲ್ಲ "ಲೇ ಅರುಣಾ, ಎಲ್ಲಿದ್ದೀಯೇ?" ಎಂದು ಸುಮ್ಮಸುಮ್ಮನೆ ಕೂಗುತ್ತಿದ್ದ.

"ಇಲ್ಲೇ ನಿಮ್ಮ ಹಿಂದೆ ಅದೀನಲ್ರೀ" ಅನ್ನುತ್ತಿದ್ದಳು ಅವಳು. ಹಿಂದೆ ಮಂಚದ ಮೇಲೆ ಕೂತು, ಸೆರಗು ಹೊದ್ದು, ಅದರೊಳಗೆ ಬೆರಳು ಎಣಿಸುತ್ತ ಏನೋ ಜಪ ಮಾಡುವುದು ಅವಳ ಇತ್ತೀಚಿನ ರೂಢಿಯಾಗಿತ್ತು.

ಹತ್ತೊಂಬತ್ತನೇ ದಿನ ಸಂಜೆ ನಿಂಗರಾಜ ಹಾರಾಟದ ದಾಖಲೆ ತೆರೆದು ನೋಡಿದವನು ಹಾಗೇ ಕೂತುಬಿಟ್ಟ. ಮಧ್ಯಾಹ್ನ ಎರಡೂ ಹತ್ತಕ್ಕೆ ಒಂದು ವಿಮಾನ ಹಾರಿತ್ತು. ನ್ಯಾಮತಿಯಿಂದ ಹೊನ್ನಾಳಿ, ಅಲ್ಲಿಂದ ಚನ್ನಗಿರಿ, ಅಲ್ಲಿಂದ ಜಗಳೂರು. ಜಗಳೂರಿನ ಬಯಲಲ್ಲಿ ಇಳಿದೂ ಇತ್ತು. ಇಳಿದ ರೀತಿಗೆ ಯಂತ್ರ 'ಅತ್ಯುತ್ತಮ' ಎಂದು ಮಾರ್ಕು ಕೊಟ್ಟಿತ್ತು. ನಕ್ಷೆಯ ಮೇಲಿನ ಗೆರೆ ಸೂಳೆಕೆರೆಯ ಹತ್ತಿರ ಬಂದಾಗ ಒಂದು ಪುಟ್ಟ ಸುತ್ತು ಹಾಕಿ ಮುಂದೆ ಹೋಗಿತ್ತು. ಗುಡಿ ಇರುವ ಕಡೆಯೇ.

ಅಷ್ಟು ಹೊತ್ತಿಗೆ ನಿಂಗರಾಜ ಯಾರಿಗೋ ಗೇರು ಕಲಿಸುತ್ತಿದ್ದ. ಮನೆಯಲ್ಲಿದ್ದವಳು ಅರುಣಾ ಒಬ್ಬಳೇ. ಅಂದರೆ ಅವನ ಲೆಕ್ಕದಲ್ಲಿ ಮನೆಯಲ್ಲಿ ಯಾರೂ ಇರಲಿಲ್ಲ.

"ಮಧ್ಯಾಹ್ನ ಯಾರಾದ್ರೂ ಬಂದಿದ್ರೇನೇ?"

"ಯಾರು ಬರ್ತಾರ್ರೀ? ನಾನು ಅಡ್ಡಾಗಿದ್ದೆ."

ಮರುದಿನವೂ ಎರಡೂ ಹತ್ತು. ಅದರ ಮರುದಿನವೂ. ಕುರ್ಚಿ ಮುಂದಕ್ಕೆ ಸರಿದಿತ್ತು, ಅದರ ಮೇಲೆ ದುಪ್ಪಟಿ ಮಡಚಿಟ್ಟಿತ್ತು. ಮುಟ್ಟಿ ನೋಡಿದ. ಬೆಚ್ಚಗಿತ್ತು. ಸ್ಟೇರಿಂಗಿನ ಪಕ್ಕ ಅರ್ಧ ಕಚ್ಚಿದ ಲವಂಗ! ನಿಂಗರಾಜ ಕೈ ಹಿಂದಕ್ಕೆಳೆದುಕೊಂಡ. ಮೆಲ್ಲಗೆ ಕತ್ತೆತ್ತಿ ಫೋಟೋ ನೋಡಿದ. ಜುಂಜಪ್ಪ ಎಂದಿನಂತೆ ಎದುರಿನ ರಸ್ತೆ ನೋಡುವವನ ಹಾಗೆ ನೋಡುತ್ತಿದ್ದ.

ಬೇರೆಯವರಾಗಿದ್ದರೆ ಯಂತ್ರ ಮಾರಿಬಿಡುತ್ತಿದ್ದರು. ನಿಂಗರಾಜ ಹೆದರಿದ, ನಿಜ, ಜ್ವರವನ್ನೂ ಬರಿಸಿಕೊಂಡ. ಆದರೆ ಜ್ವರ ಬಿಟ್ಟ ಮೇಲೆ ಮಾಡಿದ್ದೇನು ಗೊತ್ತೇ? ಆ ದಾಖಲೆಯ ಫೋಟೋ ತೆಗೆದು 'ಹೆಂಗೈತೆ ನನ್ನ ಲ್ಯಾಂಡಿಂಗು?' ಎಂದು ಊರಿಗೆಲ್ಲ ವಾಟ್ಸ್ಯಾಪ್ ಮಾಡಿದ. ಅಪ್ಪ ಓಡಿಸಿದರೇನು, ಮಗ ಓಡಿಸಿದರೇನು, ಎಲ್ಲ ಒಂದೇ ಮನೆತನ ಎಂದು ಸಮಾಧಾನ ಮಾಡಿಕೊಂಡ. ಕೃತಜ್ಞತೆಗೆ ದಿನಾ ಬೆಳಿಗ್ಗೆ ಫೋಟೋದ ಮುಂದೆ ಒಂದು ಲೋಟ ಕಾಫಿ ಇಟ್ಟು ಹೋಗುತ್ತಿದ್ದ. ಸಂಜೆ ಬಂದು ನೋಡಿದರೆ ಲೋಟ ಖಾಲಿ. ಅವನು ದೂರದಿಂದಲೇ ಕೈ ಮುಗಿಯುತ್ತಿದ್ದ.

ಫೋಟೋ ಜಗಳೂರಿಗೂ ಹೋಗಿತ್ತಲ್ಲ, ಬಂಗಾರಪ್ಪ ಫೋನು ಮಾಡಿದ. "ಭಾವ, ನಮ್ಮೂರಾಗೆ ವಿಮಾನ ಇಳಿಸೀರಂತೆ. ನಮಗೆ ಕಾಣಲಿಲ್ಲಲ್ರೀ?"

"ಬಂದು ನೋಡಪ್ಪ, ಕಣ್ಣು ತುಂಬ ನೋಡು."

"ಭಾನುವಾರ ಬರ್ತೀನಿ. ನನ್ನ ಮುಂದೆ ಇಳಿಸಬೇಕು. ಇಳಿಸಾಕೆ ಆಗಲಿಲ್ಲ ಅಂದ್ರೆ ನಮ್ಮ ಅಕ್ಕಂಗೆ ಕಾರು ಕಲಿಸಬೇಕು. ಒಪ್ಪಿಗೇನಾ?"

ಅರುಣಾ ಅಲ್ಲೇ ನಿಂತಿದ್ದಳು. ಅವಳೆದುರು ಇಲ್ಲ ಅನ್ನುವುದು ಹೇಗೆ? "ಒಪ್ಪಿಗೆ!" ಎಂದುಬಿಟ್ಟ ನಿಂಗರಾಜ.

ಭಾನುವಾರ ಊಟವಾಯಿತು. ನಿಂಗರಾಜ ಎರಡೂ ಹತ್ತಾಗುವವರೆಗೆ ಎಲೆ ಅಡಿಕೆ ಹಾಕುವ ನೆಪದಲ್ಲಿ ಕಾಲ ತಳ್ಳಿದ. ಕುರ್ಚಿಗೆ ದುಪ್ಪಟಿ ಹಾಸಿ, ಬಾಯಿಗೊಂದು ಲವಂಗ ಹಾಕಿಕೊಂಡು, "ಅಪ್ಪಾ, ಇವತ್ತೊಂದು ದಿನ ಮರ್ಯಾದೆ ಉಳಿಸು" ಎಂದು ಒಳಗೊಳಗೇ ಬೇಡಿಕೊಂಡ. ಪಕ್ಕದ ಕುರ್ಚಿಯಲ್ಲಿ ಬಂಗಾರಪ್ಪ. ಹಿಂದೆ ಮಂಚದ ಮೇಲೆ ಸೆರಗು ಹೊದ್ದ ಅರುಣಾ.

ವಿಮಾನ ಓಡಿತು. ಎಡಗಾಲು ಒತ್ತಿಯೇ ಒತ್ತಿತು. ಮೂತಿ ಬೇಲಿಯ ಕಡೆ ತಿರುಗಿತು. ಇನ್ನೇನು ಮುಗಿಯಿತು ಅನ್ನುವಾಗ, ತೆರೆಯೊಳಗಿನ ಸ್ಟೇರಿಂಗು ತನ್ನಷ್ಟಕ್ಕೆ ತಾನೇ ಹೊರಳಿತು. ನಿಂಗರಾಜನ ಕೈ ಅಲುಗಿರಲಿಲ್ಲ. ವಿಮಾನ ನೆಟ್ಟಗಾಯಿತು, ನೆಲ ಬಿಟ್ಟಿತು.

"ಭೇಷ್ ಭಾವ!" ಎಂದ ಬಂಗಾರಪ್ಪ.

ಭಾವ ಫೋಟೋದ ಕಡೆ ಕಳ್ಳನೋಟ ಹಾಯಿಸಿದ. ಕೈ ಸ್ಟೇರಿಂಗಿನ ಮೇಲಿದೆ, ಆದರೆ ಓಡಿಸುತ್ತಿರುವುದು ತಾನಲ್ಲ. ಹೊಳೆ ಬಂತು, ಹೊನ್ನಾಳಿಯ ಸೇತುವೆ ಬಂತು, ಹೊರಳಿ ಚನ್ನಗಿರಿ ಬಂತು. ಜನವಿಲ್ಲದ ಬೀದಿಗಳು, ಹಕ್ಕಿಯಿಲ್ಲದ ಆಕಾಶ. ಎಂಜಿನ್ ಗುರ್ರೆನ್ನುವುದು ಬಿಟ್ಟರೆ ಮನೆಯಲ್ಲಿ ಸದ್ದಿಲ್ಲ. ಅರುಣಾ ಕಾಫಿ ತರಲು ಎದ್ದು ಒಳಗೆ ಹೋದಳು. ಸೂಳೆಕೆರೆಯ ನೀರು ತೆರೆಯ ತುಂಬ ಹರಡಿಕೊಂಡಿತು. ಗುಡಿಯ ನೇರಕ್ಕೆ ಬಂದದ್ದೇ ವಿಮಾನ ಮೆಲ್ಲಗೆ ವಾಲಿ ಒಂದು ಸುತ್ತು ಹಾಕಿತು. ನಿಂಗರಾಜನಿಗೆ ಕಣ್ಣಲ್ಲಿ ನೀರು ಬಂತು. ಹೆದರಿಕೆಗೋ ಅಪ್ಪನ ನೆನಪಿಗೋ ಅವನಿಗೇ ತಿಳಿಯಲಿಲ್ಲ. ಅರುಣಾ ಕಾಫಿ ಕೊಟ್ಟು ಮತ್ತೆ ಮಂಚದ ಮೇಲೆ ಕೂತಳು.

ಜಗಳೂರಿನ ಬಯಲಲ್ಲಿ ವಿಮಾನ ಹೂವಿನ ಹಾಗೆ ಇಳಿಯಿತು. ಬಂಗಾರಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದ. "ಸೋತೆ ಭಾವ, ಸೋತೆ. ಅಕ್ಕ, ನಿನ್ನ ಕಾರು ಹೋತು."

ಇಲ್ಲಿಗೆ ನಿಂಗರಾಜ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಗೆದ್ದ ಗಂಡಸಿನ ಬಾಯಿ ಮುಚ್ಚುವುದುಂಟೇ? ಕುರ್ಚಿಯಲ್ಲಿ ಹಿಂದಕ್ಕೊರಗಿ, ಎರಡೂ ಕೈ ತಲೆಯ ಹಿಂದೆ ಕಟ್ಟಿಕೊಂಡ.

"ನೋಡು ಬಂಗಾರಪ್ಪ, ಇದೆಲ್ಲ ರಕ್ತದಾಗೆ ಬರಬೇಕು. ನಿಮ್ಮಕ್ಕನ ಕೈಗೆ ಸ್ಟೇರಿಂಗು ಕೊಟ್ಟಿದ್ರೆ ಜಗಳೂರು ಬಿಡು, ನಮ್ಮ ಓಣಿ ತುದಿ ಮುಟ್ಟುತ್ತಿರಲಿಲ್ಲ. ಹೆಂಗಸರ ತಲೆಗೆ ದಿಕ್ಕು ಹತ್ತಲ್ಲ."

ಎಂಜಿನ್ ಮತ್ತೆ ಗುರ್ರೆಂದಿತು.

ನಿಂಗರಾಜನ ಕೈ ತಲೆಯ ಹಿಂದೆಯೇ ಇತ್ತು, ಕಾಲು ಟೀಪಾಯಿಯ ಮೇಲಿತ್ತು. ವಿಮಾನ ತಾನಾಗಿ ತಿರುಗಿತು, ಓಡಿತು, ಎದ್ದಿತು. ಬಂಗಾರಪ್ಪನ ಕೈಲಿದ್ದ ಲೋಟ ಬಿತ್ತು. "ಭಾವ! ನೀವು ಮುಟ್ಟೇ ಇಲ್ಲಲ್ರೀ!"

"ಅಪ್ಪಾ! ತಪ್ಪಾತು ಅಪ್ಪಾ!" ನಿಂಗರಾಜ ಕುರ್ಚಿಯಿಂದ ಜಾರಿ ಫೋಟೋದ ಮುಂದೆ ಉದ್ದಕ್ಕೂ ಬಿದ್ದ. "ನಾನು ಇಳಿಸಿಲ್ಲ, ಒಂದು ಸಲಾನೂ ಇಳಿಸಿಲ್ಲ! ಎಲ್ಲ ನೀನೇ! ಸುಳ್ಳು ಹೇಳಿದೆ, ಬಿಟ್ಟುಬಿಡು!"

"ಎದ್ದೇಳ್ರಿ ಸಾಕು" ಎಂಬ ದನಿ ಬಂತು. ಮೇಲಿನಿಂದಲ್ಲ, ಹಿಂದಿನಿಂದ.

ಹೊರಳಿ ನೋಡಿದ. ಅರುಣಾಳ ಸೆರಗು ಜಾರಿತ್ತು. ಕೈಯಲ್ಲಿ ಶೋಕೇಸಿನ ಮೂಲೆ ಸೇರಿದ್ದ ಹುಡುಗರ ಸಾಮಾನು. ಅವಳ ಹೆಬ್ಬೆರಳು ಅಲುಗಿದ ಕಡೆಗೆ ತೆರೆಯ ಮೇಲೆ ವಿಮಾನ ವಾಲುತ್ತಿತ್ತು.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ತಾವೇ ಓಡಿಸುತ್ತಿದ್ದೇವೆ ಎಂದು ಬೀಗುತ್ತಿರುತ್ತಾರೆ, ಕಾರು ನಿಲ್ಲಿಸುತ್ತಿರುವವನು ಪಕ್ಕದವನು. ಇಪ್ಪತ್ತು ವರ್ಷ ಆ ಪಕ್ಕದ ಸೀಟಿನಲ್ಲಿ ಕೂತಿದ್ದ ನಿಂಗರಾಜನಿಗೆ, ನೆಲದ ಮೇಲೆ ಬೋರಲು ಬಿದ್ದಿದ್ದಾಗ ಎಲ್ಲ ಅರ್ಥವಾಯಿತು.

"ನೀ... ನೀನಾ? ಹೆಂಗೇ ಕಲ್ತೆ?"

"ನೀವು ನನಗೆ ಕಾರು ಕಲಿಸಲಿಲ್ಲ ನೋಡ್ರಿ, ಅದಕ್ಕೇ ಬಂತು. ನನ್ನ ಕಾಲಿಗೆ ಕ್ಲಚ್ಚು ಅಂದ್ರೆ ಏನಂತಾನೇ ಗೊತ್ತಿಲ್ಲ." ಅರುಣಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ದಿಕ್ಕು ಹತ್ತಲ್ಲ ಅಂದ್ರಲ್ಲ, ಐದು ವರ್ಷ ಮಾವನ ಬಸ್ಸಿನಾಗೆ ಮುಂದೆ ಕೂತು ನೋಡಿದ ದಾರಿ ಅದು. ನಂಗೆ ವಾಂತಿ ಬರ್ತಿತ್ತು, ಲವಂಗ ಕೊಡ್ತಿದ್ರು. ಮೇಲಿಂದ ನೋಡಿದ್ರೂ ಅದೇ ಹೊಳೆ, ಅದೇ ಗುಡ್ಡ. ತಮ್ಮನ ಮುಂದೆ ನಿಮ್ಮ ಮಾನ ಹೋಗಬಾರ್ದು ಅಂತ ನನ್ನ ಕಾರು ಬಿಟ್ಟು ವಿಮಾನ ಇಳಿಸಿದೆ. ನೀವು ಸುಮ್ನಿರಬಾರ್ದಾಗಿತ್ತಾ?"

"ದುಪ್ಪಟಿ?"

"ಕುರ್ಚಿಯಾಗೆ ಕೂತ್ರೆ ಸ್ಟೇರಿಂಗು ನಂಗೆ ಎಟುಕಲ್ಲ."

"ಕಾಫಿ?"

"ಆರಿ ಹೋಗ್ತದಲ್ಲ ಅಂತ ಕುಡಿದೆ."

ಬಂಗಾರಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಿಂಗರಾಜನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ನೆಮ್ಮದಿಯಾಯಿತು. ದೆವ್ವವಲ್ಲ, ಹೆಂಡತಿ. ಧೂಳು ಕೊಡವುತ್ತ ಎದ್ದ. "ಅಲ್ಲ ಕಣೇ, ಆ ಸೂಳೆಕೆರೆ ಸುತ್ತು ಮಾತ್ರ ಚಲೋ ಹೊಳೆದಿತ್ತು ನಿನಗೆ."

ಅರುಣಾ ಅವನ ಮುಖ ನೋಡಿದಳು. "ಅದನ್ನ ನಾನೆಲ್ಲಿ ಹಾಕ್ತೀನ್ರೀ? ಅಲ್ಲಿ ಅದು ತಾನಾಗೇ ತಿರುಗತೈತಿ. ನೀವೇ ಹಂಗೆ ಸೆಟ್ ಮಾಡೀರಿ ಅಂದ್ಕೊಂಡಿದ್ದೆ."

"ನಾನಾ? ನಂಗೆಲ್ಲಿ ಬರ್ತೈತೆ ಸೆಟ್ ಮಾಡಾಕೆ?"

"ಈಗ್ಲೂ ಸುತ್ತು ಹಾಕ್ತಲ್ಲ ಅಕ್ಕ" ಎಂದ ಬಂಗಾರಪ್ಪ. ಅವನ ನಗು ನಿಂತಿತ್ತು. "ಆಗ ನೀನು ಕಾಫಿ ತರಾಕೆ ಒಳಗೆ ಹೋಗಿದ್ದೆ."

ಮೂವರೂ ಕತ್ತೆತ್ತಿದರು. ಜುಂಜಪ್ಪ ಎದುರಿನ ರಸ್ತೆ ನೋಡುತ್ತಿದ್ದ.

ಕೊಟ್ಟ ಮಾತು ಮಾತೇ. ಅರುಣಾಳಿಗೆ ಕಲಿಯುವವರ ಲೈಸೆನ್ಸು ಬಂತು, ಕಾರಿಗೆ ಕೆಂಪು ಅಕ್ಷರದ ಬೋರ್ಡು ಬಂತು. ಒಂದು ತಿಂಗಳು ಓಣಿ ಸುತ್ತಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಜಗಳೂರಿಗೆ ಹೊರಟರು. ಸ್ಟೇರಿಂಗಿನಲ್ಲಿ ಅರುಣಾ, ಪಕ್ಕದಲ್ಲಿ ಬ್ರೇಕಿನ ಮೇಲೆ ಕಾಲಿಟ್ಟ ನಿಂಗರಾಜ.

"ಕಾಲು ತೆಗೀರಿ. ನಂಗೆ ಗೊತ್ತಾಗ್ತೈತೆ."

ತೆಗೆದ. ಬಿಸಿಲು ಚೆನ್ನಾಗಿತ್ತು, ರಸ್ತೆ ಖಾಲಿ ಇತ್ತು. ಸೂಳೆಕೆರೆ ಏರಿಗೆ ಬಂದು ಗುಡಿಯ ಮುಂದಾದದ್ದೇ ಕಾರು ಟಪ್ಪೆಂದು ನಿಂತಿತು.

"ಕ್ಲಚ್ಚು ಒತ್ತಬೇಕು ಅಂತ ಎಷ್ಟು ಸಲ ಹೇಳಿದೀನಿ!"

"ಒತ್ತೇ ಇದೀನಿ, ನೋಡ್ರಿ ಬೇಕಾದ್ರೆ. ನಿಮ್ಮ ಕಾಲು ಬ್ರೇಕಿನ ಮೇಲೈತೇನು?"

ಇರಲಿಲ್ಲ. ಇಬ್ಬರೂ ಒಬ್ಬರ ಕಾಲನ್ನೊಬ್ಬರು ನೋಡಿದರು, ಆಮೇಲೆ ನೀರು ನೋಡಿದರು. ನಿಂಗರಾಜ ಇಳಿದು, ಗುಡಿಗೆ ಹೋಗಿ ಒಂದು ನಾಣ್ಯ ಹಾಕಿ ಕೈ ಮುಗಿದ. ನಾಣ್ಯ ಠಣ್ಣೆನ್ನುವುದಕ್ಕೂ ಹಿಂದೆ ಕಾರು ಶುರುವಾಗುವುದಕ್ಕೂ ಸರಿಹೋಯಿತು. ಅರುಣಾ ಇಪ್ಪತ್ತು ಮಾರು ಮುಂದೆ ಹೋಗಿ ನೆಟ್ಟಗೆ ನಿಲ್ಲಿಸಿ, ಎರಡು ಸಲ ಹಾರ್ನ್ ಹೊಡೆದಳು. ತಡವಾಗಿ ಬರುವ ಪ್ಯಾಸೆಂಜರಿಗೆ ಜುಂಜಪ್ಪ ಹೊಡೆಯುತ್ತಿದ್ದ ಹಾಗೇ.

"ಜಲ್ದಿ ಹತ್ರಿ!"

ಚನ್ನಗಿರಿಯ ಅರ್ಧ ಊರಿನ ಗುರು ಪಂಚೆ ಎತ್ತಿಕಟ್ಟಿಕೊಂಡು ಓಡಿ ಬಂದು ಹತ್ತಿದ. ಕೆಳಗಿನ ಬ್ರೇಕನ್ನೊಮ್ಮೆ ನೋಡಿದ. ಆಮೇಲೆ ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಅರುಣಾ ಸೊಂಟದ ಚೀಲದಿಂದ ಒಂದು ಲವಂಗ ತೆಗೆದು ಅವನ ಕೈಗಿಟ್ಟಳು. "ಬಾಯಿಗೆ ಹಾಕ್ಕೊಳ್ರಿ. ಜಗಳೂರು ಇನ್ನೂ ದೂರ ಐತೆ."