ದನಿಯಿಲ್ಲದ ದೇವರನಾಮ

ಮನೆಗೊಂದು ಹೊಸ ಯಂತ್ರ ಬಂದರೆ ಅದನ್ನು ತಂದವನ ಮಾತು ಸ್ವಲ್ಪ ಜೋರಾಗುತ್ತದೆ. ಮಿಕ್ಸಿ ತಂದ ಹೊಸದರಲ್ಲಿ ನಮ್ಮ ತಂದೆ ಬಂದವರಿಗೆಲ್ಲ ಚಟ್ನಿಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ನನ್ನ ಸರದಿ ಬಂದದ್ದು ಡಿಜಿಟಲ್ ಕೇಬಲ್ ಬಂದಾಗ. ಕಂಪ್ಯೂಟರಿಗೆ ಟಿ.ವಿ. ಕಾರ್ಡೊಂದನ್ನು ಕೂರಿಸಿ, ಸೆಟ್‌ಟಾಪ್ ಬಾಕ್ಸಿನಿಂದ ವೈರು ಎಳೆದು, ಬೇಕಾದ ಕಾರ್ಯಕ್ರಮವನ್ನು ಅದು ತಾನಾಗಿ ರೆಕಾರ್ಡ್ ಮಾಡುವಂತೆ ಮಾಡಿದ್ದೆ. ಮಲ್ಲೇಶ್ವರಂನ ನಮ್ಮ ಕ್ರಾಸಿನಲ್ಲಿ ಇಂಥದ್ದು ಇನ್ನಾರ ಮನೆಯಲ್ಲೂ ಇಲ್ಲವೆಂದು ಸಾರಿಕೊಂಡು ಬಂದವನೂ ನಾನೇ.

ಆಗಲೇ ನಮ್ಮ ದೊಡ್ಡಮ್ಮನಿಗೆ ಟಿ.ವಿ.ಯಲ್ಲಿ ಹಾಡುವ ಅವಕಾಶ ಬಂತು. ಅಮ್ಮನ ಅಕ್ಕ, ಎಪ್ಪತ್ತು ದಾಟಿದವರು. ಅರಿಸಿನ ಕುಂಕುಮಕ್ಕೆ ಹೋದ ಮನೆಗಳಲ್ಲಿ ಹಾಡಿದ್ದು ಬಿಟ್ಟರೆ ಮೈಕು ಕಂಡವರಲ್ಲ. ಬೆಳಗಿನ ನೇರ ಪ್ರಸಾರದಲ್ಲಿ ಒಂದು ದೇವರನಾಮ.

"ನನ್ನ ದನಿ ಹೊರಗಿನೋರಿಗೆ ಹೇಗ್ ಕೇಳ್ಸುತ್ತೋ, ಒಂದ್ಸಲ ಕೇಳ್ಬೇಕು ಕಣೋ" ಎಂದರು.

"ನೀವು ಹಾಡಿ ಬನ್ನಿ ದೊಡ್ಡಮ್ಮ, ಮಿಕ್ಕಿದ್ದು ಕಂಪ್ಯೂಟರ್ ನೋಡ್ಕೊಳ್ಳುತ್ತೆ" ಎಂದೆ. ಪಕ್ಕದ ಮನೆಯಾಕೆ ತಮ್ಮ ಟೇಪ್‌ರೆಕಾರ್ಡರನ್ನು ಟಿ.ವಿ. ಮುಂದೆ ಇಡುತ್ತೇನೆಂದಾಗ ನಕ್ಕು ಬೇಡವೆಂದೆ.

ಮನೆಮಂದಿಯೆಲ್ಲ ಅವರೊಡನೆ ಸ್ಟುಡಿಯೋಗೆ ಹೋದೆವು. ವಾಪಸ್ ಬಂದು ಹಾಕಿದರೆ ಚಿತ್ರ ಸೊಗಸಾಗಿ ಬಂದಿತ್ತು. ದೊಡ್ಡಮ್ಮನ ಮೂಗುಬೊಟ್ಟಿನ ಹೊಳಪೂ ಕಾಣುತ್ತಿತ್ತು. ಕಣ್ಣು ಮುಚ್ಚಿದರು, ಬಾಯಿ ತೆರೆದರು, ತೊಡೆಯ ಮೇಲೆ ತಾಳ ಹಾಕಿದರು. ದನಿ ಮಾತ್ರ ಇಲ್ಲ. ದನಿಯ ವೈರು ಎಲ್ಲೋ ತಪ್ಪಿತ್ತು. ಹಿಂದೆ ಪರೀಕ್ಷೆಗೆಂದು ಕ್ರಿಕೆಟ್ ಪಂದ್ಯ ರೆಕಾರ್ಡ್ ಮಾಡಿದಾಗ, ಕ್ರಿಕೆಟ್ಟಿಗೆ ಮಾತೇಕೆಂದು ಸ್ಪೀಕರ್ ಬಂದ್ ಮಾಡಿ ನೋಡಿದ್ದೆ; ಹಾಗಾಗಿ ಈ ಕೊರತೆ ಆಗ ತಿಳಿಯಲೇ ಇಲ್ಲ. ಚಾನೆಲ್ಲಿಗೆ ಫೋನು ಮಾಡಿದೆ. ನೇರ ಪ್ರಸಾರದ್ದನ್ನು ಇಟ್ಟುಕೊಳ್ಳುವುದಿಲ್ಲ ಎಂದರು.

"ಅಯ್ಯೋ, ಹಾಡೋವಾಗ ಇಷ್ಟಗಲ ಬಾಯಿ ತೆಗೀತೀನೇನೋ?" ಎಂದು ದೊಡ್ಡಮ್ಮ ಮೊದಲು ನಕ್ಕರು. ಆಮೇಲೆ, "ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ. ಪರದೆಯ ಮೇಲಿನ ತಮ್ಮ ತುಟಿಯನ್ನೇ ನೋಡುತ್ತ ಮೆಲ್ಲನೆ ಹಾಡತೊಡಗಿದರು. ಅಡಿಗೆಮನೆಯಿಂದ ಅಮ್ಮ ಬಂದು ಬಾಗಿಲಲ್ಲೇ ನಿಂತಳು. ಸ್ಟುಡಿಯೋದಲ್ಲಿ ನಡುಗಿದ್ದ ದನಿ ಈಗ ನಡುಗಲಿಲ್ಲವಂತೆ. ಇದನ್ನೆಲ್ಲ ಅಮ್ಮ ಆಮೇಲೆ ಹೇಳಿದ್ದು. ಆಗ ನಾನು ಮೇಜಿನ ಕೆಳಗೆ ಟಾರ್ಚು ಹಿಡಿದು ತೆವಳುತ್ತಿದ್ದೆ.

ಅವರು ಹಾಗೆ ಮನಸ್ಸಿಟ್ಟು ಹಾಡಿದ್ದು ಅದೇ ಕೊನೆ. ಮುಂದಿನ ಚಳಿಗೆ ಉಬ್ಬಸ ಹಿಡಿದು ಹಾಡುವುದನ್ನೇ ಬಿಟ್ಟರು. ಅಂದು ಹಾಡು ಮುಗಿಸಿ, ಕೆಳಗೆ ಬಗ್ಗಿ ನನ್ನನ್ನು ಕೇಳಿದ್ದರು:

"ಹೇಗಿತ್ತೋ?"

"ಸಿಕ್ತು ದೊಡ್ಡಮ್ಮ" ಎಂದೆ ನಾನು, ಬಲು ಸಂಭ್ರಮದಿಂದ. "ವೈರು ಸಿಕ್ತು!"